ಎರಡು ಸಲ ಬೀಳುವ ಅಕ್ಷರ

"ಜೋರಾಗಿ ಓದಿ, ಎಲ್ರಿಗೂ ಕೇಳ್ಲಿ," ಎಂದು ಮೇಲ್ವಿಚಾರಕರು ಮರಣ ಪ್ರಮಾಣಪತ್ರವನ್ನು ಮೇಜಿನ ಮೇಲೆ ಒಗೆದರು.

ಹಿರಿಯ ಗುಮಾಸ್ತೆ ಓದಿದಳು. "ಮೃತರ ತತಂದೆ..."

"ಸತ್ತ ಮೇಲೆ ತೊದಲು ಬಂತಾ ಅವರಿಗೆ?"

ಕೋಣೆಯೆಲ್ಲ ನಕ್ಕಿತು. ಇದೇ ಕಾಗದಕ್ಕೆ ಮೂರನೇ ಸಲ ಬಂದು ಕಿಟಕಿಯ ಆಚೆ ನಿಂತಿದ್ದ ಮನುಷ್ಯ ಮಾತ್ರ ನಗಲಿಲ್ಲ.

ಜನನ ಮರಣ ನೋಂದಣಿಯಲ್ಲಿ ಅವಳದು ಇಪ್ಪತ್ತಮೂರು ವರ್ಷದ ಕೆಲಸ. ಎರಡು ವರ್ಷದಿಂದ ಬಲಗೈ ನಡುಗುತ್ತಿತ್ತು. ಅವಳು ಒಂದು ಸಲ ಒತ್ತಿದ್ದು ಕಂಪ್ಯೂಟರಿನ ಕೀಲಿಗೆ ಎರಡು ಸಲ ತಾಗಿ ಅಕ್ಷರ ಎರಡಾಗುತ್ತಿತ್ತು. ನಿದ್ದೆ ಸಾಲದೆ ಹೀಗೆ ಎಂದು ಗಂಡನಿಗೆ ಹೇಳಿದ್ದಳು. ಆಫೀಸಿನಲ್ಲಿ ಯಾರಿಗೂ ಏನೂ ಹೇಳಿರಲಿಲ್ಲ.

ಆ ವಾರ ಹೊಸ ಕಂಪ್ಯೂಟರುಗಳನ್ನು ಜೋಡಿಸಲು ಬಂದಿದ್ದ ತಂತ್ರಜ್ಞ, ಅವಳು ಅಕ್ಷರ ಹೊಡೆಯುವುದನ್ನೂ ಅಳಿಸುವುದನ್ನೂ ಸ್ವಲ್ಪ ಹೊತ್ತು ನೋಡಿದ.

"ಅಕ್ಕ, ಒಂಚೂರು ಏಳಿ."

ಕಂಪ್ಯೂಟರಿನ ಸೆಟ್ಟಿಂಗಿನಲ್ಲಿ ಒಂದು ಪುಟದಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ, ಆರು ಪುಟ ಒಳಗೆ ಹೋಗಿ ಒಂದು ಪುಟ್ಟ ಚೌಕದಲ್ಲಿ ಟಿಕ್ ಹಾಕಿದ. "ಈಗ ಹೊಡೀರಿ. ಬೆನ್ನಿಗೇ ಎರಡನೇ ಸಲ ತಾಗಿದ್ರೆ ಇದು ಲೆಕ್ಕಕ್ಕೆ ತಗೊಳ್ಳಲ್ಲ."

ಹೊಡೆದಳು. ಮೃತರ ಹೆಸರು, ತಂದೆಯ ಹೆಸರು, ವಿಳಾಸ, ಸಾವಿನ ಕಾರಣ. ಒಂದಕ್ಷರವೂ ಎರಡಾಗಲಿಲ್ಲ. ಕೈ ಮೊದಲಿನಂತೆಯೇ ನಡುಗುತ್ತಿತ್ತು. ಪರದೆಗೆ ಅದು ಗೊತ್ತೇ ಆಗಲಿಲ್ಲ. ಅವಳಿಗೆ ನಗು ಉಕ್ಕಿತು.

"ಇದು ಮೊದ್ಲಿಂದಾನೂ ಇತ್ತಾ?"

"ಎಲ್ಲಾ ಕಂಪ್ಯೂಟರಲ್ಲೂ ಇರುತ್ತೆ ಅಕ್ಕ, ನಿಮ್ಮ ಹಳೇದ್ರಲ್ಲೂ ಇತ್ತು. ಯಾರ ಕಣ್ಣಿಗೂ ಬೀಳದ ಹಾಗೆ ಒಳಗೆ ತುರುಕಿಟ್ಟಿರ್ತಾರೆ ಅಷ್ಟೆ. ಎದುರಿಗೇ ಒಂದು ಗುರುತು ಇಟ್ಬಿಡ್ತೀನಿ, ಯಾರು ಬೇಕಾದ್ರೂ ಒತ್ಕೊಳ್ಲಿ."

ಮಧ್ಯಾಹ್ನದೊಳಗೆ ಎಲ್ಲ ಪರದೆಗಳ ಮೂಲೆಯಲ್ಲೂ ಒಂದು ನೀಲಿ ಗುರುತು ಬಂದಿತ್ತು. ಮೇಲ್ವಿಚಾರಕರ ಕಣ್ಣಿಗೂ ಬಿತ್ತು; ಕೈ ಸರಿಯಿಲ್ಲದವರಿಗೆ ಅನುಕೂಲ ಎಂದು ತಂತ್ರಜ್ಞ ವಿವರಿಸಿದ.

"ಏನಪ್ಪಾ ಇದು? ಬಂದೋರು ಇದನ್ನ ಆಫೀಸು ಅಂದ್ಕೋಬೇಕೋ, ಆಸ್ಪತ್ರೆ ಅಂದ್ಕೋಬೇಕೋ? ತೆಗಿ ಎಲ್ಲಾನೂ. ಒಳಗಿರೋದಕ್ಕೂ ಬೀಗ ಹಾಕು. ಬೇಕಾದೋರು ಡಾಕ್ಟರ ಚೀಟಿ ಸಮೇತ ಅರ್ಜಿ ಕೊಡ್ಲಿ." ಸುತ್ತ ನೋಡಿದರು. "ಯಾರಿಗೆ ಬೇಕು? ಕೈ ಎತ್ತಿ."

ತಂತ್ರಜ್ಞ ಬಾಯಿ ತೆರೆದವನು ಹಿರಿಯ ಗುಮಾಸ್ತೆಯ ಮುಖ ನೋಡಿ ವೈರು ಸುತ್ತತೊಡಗಿದ. ಅವಳು ನಡುಗುವ ಕೈಯನ್ನು ತೊಡೆಯ ಕೆಳಗೆ ಒತ್ತಿ ಹಿಡಿದು ಕೂತಿದ್ದಳು. ಸಂಜೆಯೊಳಗೆ ಬೀಗದ ಪಾಸ್‌ವರ್ಡು ಮೇಲ್ವಿಚಾರಕರ ಜೇಬು ಸೇರಿತು.

"ನಿಮ್ಮ ಕೈ ನಡುಗೋದು ನಾನು ನೋಡಿದ್ದೀನಿ ಅಕ್ಕ. ಅರ್ಜಿ ಕೊಟ್ಬಿಡಿ, ಅದು ನಿಮ್ಮ ಹಕ್ಕು," ಎಂದಳು ಪಕ್ಕದ ಮೇಜಿನ ಕಿರಿಯ ಗುಮಾಸ್ತೆ. ಆ ಹುಡುಗಿಗೆ ಅ ಆ ಇ ಈಯಿಂದ ಕೆಲಸ ಕಲಿಸಿದ್ದು ಹಿರಿಯವಳೇ. "ನಾನೇ ಬರ್ದುಕೊಡ್ತೀನಿ, ನೀವು ಡಾಕ್ಟರ ಹತ್ರ ಹೋಗ್ಬನ್ನಿ."

ಮುದ್ದಾದ ಅಕ್ಷರದಲ್ಲಿ ಬರೆದುಕೊಟ್ಟಳು: ಎರಡು ವರ್ಷಗಳಿಂದ ಕೈ ನಡುಕವಿದ್ದು, ಕೆಲಸದಲ್ಲಿ ತಪ್ಪುಗಳಾಗುತ್ತಿರುವುದರಿಂದ...

ಡಾಕ್ಟರ ಚೀಟಿ ಸಮೇತ ಅರ್ಜಿ ಕೊಟ್ಟ ನಾಲ್ಕನೇ ದಿನ ಮೇಲ್ವಿಚಾರಕರ ಕೋಣೆಯಿಂದ ಕರೆ ಬಂತು.

"ನಾಳೆಯಿಂದ ನೀವು ನೆಲಮಾಳಿಗೆಯ ದಾಖಲೆ ಕೋಣೆಗೆ. ಕೆಲಸ ಆಗಲ್ಲ ಅಂತ ನೀವೇ ಬರ್ದುಕೊಟ್ರಲ್ಲ."

"ಹಾಗೆ ಬರೆದಿಲ್ಲ ಸಾರ್. ಆ ಟಿಕ್ ಒಂದು ಹಾಕಿಸಿಕೊಟ್ರೆ..."

"ನಡುಕ ಅಂತ ಡಾಕ್ಟರು ಬರ್ದಿದ್ದಾರೆ, ತಪ್ಪಾಗ್ತಿದೆ ಅಂತ ನೀವು ಒಪ್ಕೊಂಡಿದ್ದೀರಿ. ಇದ್ರಲ್ಲಿ ನಾನೆಲ್ಲಿ ಬಂದೆ?"

"ಒಂದೇ ಸಲ ನೋಡಿ ಸಾರ್. ನಿಮ್ಮೆದುರಿಗೇ ಹೊಡೀತೀನಿ. ಒಂದು ತಪ್ಪು ಬಂದ್ರೂ ನಾನಾಗೇ ಕೆಳಗೆ ಹೋಗ್ತೀನಿ."

"ಅಯ್ಯೋ, ಪಾಸ್‌ವರ್ಡು ಮರ್ತುಹೋಯ್ತಲ್ಲ," ಎಂದು ಅವರು ಜೇಬು ತಟ್ಟಿಕೊಂಡು ನಕ್ಕರು.

ಅವಳ ಜಾಗಕ್ಕೆ ಯಾರು ಎಂಬುದು ಆದೇಶದ ಎರಡನೇ ಸಾಲಿನಲ್ಲಿತ್ತು. ಆ ಹೆಸರಿನ ಕಿರಿಯ ಗುಮಾಸ್ತೆ ಪೆನ್ನು ಹಿಡಿದು ಆಗಲೇ ಬಾಗಿಲ ಬಳಿ ನಿಂತಿದ್ದಳು.

"ತಲುಪಿದೆ ಅಂತ ಸಹಿ ಹಾಕಿ," ಎಂದರು ಮೇಲ್ವಿಚಾರಕರು.

ಪೆನ್ನಿನ ತುದಿ ತಾಗಿದೊಡನೆ ಕಾಗದ ಸರಿಯಿತು. ಮತ್ತೆ ಇಟ್ಟಳು, ಮತ್ತೆ ಸರಿಯಿತು. ಕಿರಿಯವಳು ಮುಂದೆ ಬಾಗಿ, ಎರಡು ಬೆರಳಿನಿಂದ ಕಾಗದದ ಅಂಚನ್ನು ಮೆಲ್ಲಗೆ ಒತ್ತಿ ಹಿಡಿದಳು.

"ನಿಧಾನ ಅಕ್ಕ, ನಿಧಾನ," ಎಂದಳು, ಅವಳ ಮುಖ ತಪ್ಪಿಸಿ ಕಿಟಕಿಯ ಕಡೆ ನೋಡುತ್ತ.