ಹೆಸರಿನ ಮುಂದೊಂದು ‘ನಮ್ಮ’

ಇಂಗ್ಲೆಂಡಿನ ಬಾರ್ನ್ಸ್‌ಲಿ ಹತ್ತಿರದ ಆ ಕಲ್ಲಿದ್ದಲು ಗಣಿಯೂರಿನಲ್ಲಿ ಮನೆಯವರ ಹೆಸರನ್ನು ಯಾರೂ ಬೋಳುಬೋಳಾಗಿ ಹೇಳುವುದಿಲ್ಲ. ಅವರ ಇಂಗ್ಲಿಷಿನಲ್ಲಿ ಹೆಸರಿನ ಮುಂದೆ ‘ನಮ್ಮ’ ಬರಲೇಬೇಕು. ಎಡ್ನಾ ಅಜ್ಜಿಗೆ ಮಗಳು ‘ನಮ್ಮ ಗ್ಲೆಂಡಾ’, ಮೊಮ್ಮಗಳು ‘ನಮ್ಮ ಟ್ರೇಸಿ’. ಅಷ್ಟೇ ಏಕೆ, ಸೋಫಾ ಕಚ್ಚಿ ಹಾಳುಮಾಡುವ ನಾಯಿ ಕೂಡ ‘ನಮ್ಮ ರಸ್ಟಿ’!

ಲೋರ್ನಾ ಮಾತ್ರ ಬರೀ ಲೋರ್ನಾ.

ಅನಾಥಾಲಯದಿಂದ ಬಂದ ಹತ್ತು ವರ್ಷದ ಹುಡುಗಿ ಅವಳು. ಚಳಿಗಾಲವನ್ನೆಲ್ಲ ಈ ಮನೆಯಲ್ಲೇ ಕಳೆದಿದ್ದಳು. ಸೋಮವಾರ ಅನಾಥಾಲಯದ ಆಫೀಸಿನವರು ಬಂದು ಗ್ಲೆಂಡಾಳನ್ನು ಕೇಳುವವರಿದ್ದರು: ಮಗುವನ್ನು ಇಟ್ಟುಕೊಳ್ಳುತ್ತೀರೋ, ವಾಪಸು ಕರೆದೊಯ್ಯಬೇಕೋ? ಇಟ್ಟುಕೊಳ್ಳುವುದಿಲ್ಲ ಎಂದೇ ಲೋರ್ನಾ ಅಂದುಕೊಂಡಿದ್ದಳು. ಯಾಕೆಂದರೆ ಈ ಮನೆಯಲ್ಲಿ ಅವಳಿಗೆ ವಿಪರೀತ ಮರ್ಯಾದೆ. ಎಲ್ಲರಿಗೂ ದಪ್ಪ ಮಗ್ಗಿನಲ್ಲಿ ಚಹಾ ಆದರೆ ಅವಳಿಗೆ ಚಿನ್ನದಂಚಿನ ಕಪ್ಪು, ನೆಂಟರಿಗೆಂದೇ ಎತ್ತಿಟ್ಟದ್ದು. ತಟ್ಟೆ ತೊಳೆಯಲು ಹೋದರೆ ಅಜ್ಜಿ ತಡೆಯುತ್ತಿದ್ದಳು: “ಬಿಡಮ್ಮಾ, ನೀನ್ಯಾಕೆ? ನಮ್ಮ ಟ್ರೇಸಿ ಇದಾಳಲ್ಲ.”

ನೆಂಟರು ಒಂದಲ್ಲ ಒಂದು ದಿನ ಹೊರಡಲೇಬೇಕಲ್ಲ!

ಶನಿವಾರ ಗ್ಲೆಂಡಾ ಅವಳನ್ನು ಪೇಟೆಗೆ ಕರೆದುಕೊಂಡು ಹೋಗಿ ಕೆಂಪು ಶೂ ಕೊಡಿಸಿದಳು. ಲೋರ್ನಾಳಿಗೆಂದೇ ಕೊಂಡ ಮೊದಲ ಹೊಸ ಶೂ ಅದು. ಮನೆಗೆ ಬಂದವಳೇ ಲೋರ್ನಾ ಅಡುಗೆಮನೆಗೆ ಓಡಿ, ಅವನ್ನು ಮೇಜಿನ ನಟ್ಟನಡುವೆ ಜೋಡಿಸಿಟ್ಟಳು.

“ಎಡ್ನಾ ಅಜ್ಜಿ, ನೋಡಿ!”

ಆಲೂಗಡ್ಡೆ ಸುಲಿಯುತ್ತಿದ್ದ ಅಜ್ಜಿ ತಿರುಗಿ ನೋಡಿ ಕಿಟಾರನೆ ಕಿರುಚಿದಳು. “ಅಯ್ಯೋ! ತೆಗಿಯೇ ಅದನ್ನ! ಹೊಸ ಶೂ ಯಾರಾದ್ರೂ ಮೇಜಿನ ಮೇಲೆ ಇಡ್ತಾರೇನೇ? ತಲೆ ನೆಟ್ಟಗಿದೆಯಾ ನಿಂಗೆ?”

ಹೊಸ ಶೂ ಮೇಜು ಹತ್ತಿದರೆ ಮನೆಯಲ್ಲಿ ಸಾವು ಎಂದು ಗಣಿಯವರು ಹೆದರುತ್ತಾರೆ. ಅಜ್ಜಿಯ ಗಂಡ ಗಣಿಯೊಳಗೇ ಸತ್ತವನು. ಲೋರ್ನಾಳಿಗೆ ಇದೊಂದೂ ಗೊತ್ತಿರಲಿಲ್ಲ. ಅಜ್ಜಿ ಟವೆಲಿನಿಂದ ಬಡಿದ ಹೊಡೆತಕ್ಕೆ ಶೂ ನೆಲಕ್ಕೆ ಬಿದ್ದವು. ರಸ್ಟಿ ಒಂದನ್ನು ಕಚ್ಚಿಕೊಂಡು ಪರಾರಿ. ಲೋರ್ನಾ ಗೋಡೆಗೆ ಒತ್ತಿಕೊಂಡು ನಿಂತಳು. ಮುಗಿಯಿತು, ಸೋಮವಾರದ ತನಕವೂ ಇಟ್ಟುಕೊಳ್ಳುವುದಿಲ್ಲ ಇವರು.

ಒಲೆಯ ಬಳಿಯಿದ್ದ ಟ್ರೇಸಿ ನಕ್ಕಳು. “ಬರೀ ಶೂ ತಾನೇ ಅಜ್ಜಿ! ಅದಕ್ಯಾಕೆ ಇಷ್ಟೊಂದು ರಂಪ?”

“ಬರೀ ಶೂ ಅಂತೆ! ನಮ್ಮ ಲೋರ್ನಾಗೆ ಏನಾದ್ರೂ ಆದ್ರೆ ನೀನು ತಂದುಕೊಡ್ತೀಯೇನೇ?”

ಅಜ್ಜಿ ಟವೆಲಿನಿಂದ ಮೇಜನ್ನು ಉಜ್ಜತೊಡಗಿದಳು. ಏನು ಹೇಳಿದೆನೆಂಬ ಗಮನವೇ ಅವಳಿಗಿರಲಿಲ್ಲ. ಲೋರ್ನಾಳ ಕಿವಿಗೆ ಮಾತ್ರ ಆ ‘ನಮ್ಮ’ ಬಿದ್ದಿತ್ತು.

“ಅಮ್ಮಾ,” ಬಾಗಿಲಲ್ಲಿ ನಿಂತಿದ್ದ ಗ್ಲೆಂಡಾ ನಗು ತಡೆದುಕೊಂಡು ಕೇಳಿದಳು, “ಹಾಗಾದ್ರೆ ಸೋಮವಾರ ಆಫೀಸಿನವ್ರಿಗೆ ಏನು ಹೇಳ್ಲಿ?”

“ಏನು ಹೇಳೋದು? ಚಹಾ ಕುಡಿಸಿ ಕಳಿಸು!” ಅಜ್ಜಿ ಲೋರ್ನಾಳ ಕಡೆ ತಿರುಗಿದಳು. “ನೀನೇನೇ ಗೊಂಬೆ ಥರ ನಿಂತಿದೀಯಾ? ಹೋಗು, ನಾಯಿ ಬಾಯಿಂದ ಶೂ ಕಿತ್ಕೊಂಡು ಬಾ. ಆಮೇಲೆ ಈ ಆಲೂಗಡ್ಡೆ ಸುಲಿ. ಬಿಟ್ಟಿ ಊಟ ಇಲ್ಲ ಈ ಮನೇಲಿ.”

ಅಂದು ಸಂಜೆ ಚಿನ್ನದಂಚಿನ ಕಪ್ಪು ಕಪಾಟಿನಿಂದ ಹೊರಗೆ ಬರಲಿಲ್ಲ. ಲೋರ್ನಾಳ ಮುಂದೆ ಅಂಚು ಒಡೆದ ದಪ್ಪ ಮಗ್ಗು ಬಂದು ಕೂತಿತು. ಅವಳು ಅದನ್ನು ಎರಡೂ ಕೈಯಲ್ಲಿ ತಬ್ಬಿ ಹಿಡಿದಳು.

“ಥ್ಯಾಂಕ್ಸ್ ಅಜ್ಜಿ.”

“ಯಾಕೆ, ಬೈದಿದ್ದಕ್ಕಾ?”

“ಹೂಂ,” ಎಂದಳು ಲೋರ್ನಾ.