ಸೀದ ಸಾರಿನ ಮತ

ಓದುಗ ಮಹಾಶಯರೇ, ಇಂಗ್ಲೆಂಡಿನ ಡೆವನ್ ಸೀಮೆಯ ಕಂಬ್‌ವರ್ದಿ ಎಂಬ ಸಣ್ಣ ಪೇಟೆಯು ಒಂದಾನೊಂದು ಕಾಲದಲ್ಲಿ ಪಾರ್ಲಿಮೆಂಟಿಗೆ ಇಬ್ಬರು ಸದಸ್ಯರನ್ನು ಕಳುಹಿಸುತ್ತಿತ್ತೆಂಬುದನ್ನೂ, ಆ ಹಕ್ಕು ಅಲ್ಲಿಯ ಅಡುಗೆಮನೆಗಳಲ್ಲಿ ಹುಟ್ಟಿತ್ತೆಂಬುದನ್ನೂ ತಮ್ಮ ಅವಗಾಹನೆಗೆ ತರಲು ಅಪ್ಪಣೆ ಬೇಡುತ್ತೇನೆ. ನಾನು ಊರೂರು ತಿರುಗಿ ಪಾತ್ರೆಗಳಿಗೆ ಬೆಸುಗೆ ಹಾಕುವವನು. ಆ ಊರಿನ ಪಾತ್ರೆಗಳ ತಳವನ್ನು ಬಹುಕಾಲದಿಂದ ಬಲ್ಲವನು.

ಸ್ವಂತ ಒಲೆಯ ಮೇಲೆ ಸ್ವಂತ ಪಾತ್ರೆ ಕುದಿಸುವ ಗಂಡಸಿಗೆ ಕಂಬ್‌ವರ್ದಿಯಲ್ಲಿ ಮತವಿತ್ತು. ಜಮೀನ್ದಾರನ ಪಂಕ್ತಿಯಲ್ಲಿ ಉಣ್ಣುವವನು ಜಮೀನ್ದಾರನ ಆಳು, ತನ್ನ ಗಂಜಿ ತಾನೇ ಬೇಯಿಸಿಕೊಳ್ಳುವವನು ತನಗೆ ತಾನೇ ಯಜಮಾನ ಎಂಬುದು ಹಿಂದಿನವರ ಎಣಿಕೆ. ಅದಕ್ಕೇ ಪ್ರತಿ ಚುನಾವಣೆಯ ಹಿಂದಿನ ದಿನ ಜನ ಮೇಜುಗಳನ್ನು ಬೀದಿಗೆ ಎಳೆದು, ಒಲೆಯಿಂದ ಇಳಿಸಿದ ಪಾತ್ರೆಯನ್ನು ಎಲ್ಲರ ಕಣ್ಣೆದುರು ತಂದಿಟ್ಟು ಉಣ್ಣುತ್ತಿದ್ದರು. ಇಷ್ಟು ಮರ್ಯಾದೆಯ ಸಾಕ್ಷ್ಯವನ್ನು ನಾನು ಬೇರೆ ಯಾವ ಊರಿನಲ್ಲಿಯೂ ಕಂಡಿಲ್ಲ.

ಸಾವಿರದ ಎಂಟುನೂರ ಮೂವತ್ತೊಂದರ ವಸಂತದಲ್ಲಿ ಝ್ಯಾಕರಿ ಲಸ್ಕಂನ ಒಲೆ ತಣ್ಣಗಿತ್ತು. ಮನೆಗಳಿಗೆ ಹುಲ್ಲಿನ ಮಾಡು ಹೊದಿಸುವ ಕಸುಬಿನ ಆ ಮುದುಕ ಚಳಿಗಾಲದಲ್ಲಿ ಸೂರಿನಿಂದ ಬಿದ್ದು ತೊಡೆ ಮುರಿದುಕೊಂಡಿದ್ದ. ಅಂದಿನಿಂದ ಮಗಳು ಟಾಮಸಿನ್ ತನ್ನ ಮನೆಯಿಂದ ಬಟ್ಟೆ ಮುಚ್ಚಿದ ಬೋಗುಣಿಯಲ್ಲಿ ಊಟ ತರುತ್ತಿದ್ದಳು. ಅವಳ ಕೈರುಚಿ ಊರಿಗೇ ಗೊತ್ತು. ಲಸ್ಕಂ ಉಂಡ, ಚೇತರಿಸಿಕೊಂಡ, ಕೋಲೂರಿ ನಡೆಯತೊಡಗಿದ. ಮಗಳ ಒಲೆಯ ಅನ್ನ ತನ್ನ ಮತವನ್ನು ಮೆಲ್ಲಗೆ ತಿನ್ನುತ್ತಿದೆಯೆಂಬುದು ಅವನಿಗೆ ಹೊಳೆದದ್ದು ಚುನಾವಣೆ ಸಾರಿದ ಮೇಲೆಯೇ.

ಅದು ಎಂದಿನ ಚುನಾವಣೆಯಲ್ಲ. ಜಮೀನ್ದಾರನ ಅಭ್ಯರ್ಥಿಗಳಿಗೆ ಎದುರಾಗಿ ಎಂಡಕಾಟ್ ಎಂಬ ನೌಕಾಪಡೆಯ ಕಪ್ತಾನ ನಿಂತಿದ್ದ. ತಾನು ಗೆದ್ದರೆ ಕಂಬ್‌ವರ್ದಿಯಂಥ ಪುಟ್ಟ ಪೇಟೆಗಳ ಸ್ಥಾನಗಳನ್ನು ಕಿತ್ತು, ಒಬ್ಬ ಸದಸ್ಯನೂ ಇಲ್ಲದ ಮ್ಯಾಂಚೆಸ್ಟರಿನಂಥ ದೊಡ್ಡ ಊರುಗಳಿಗೆ ಕೊಡುವ ಮಸೂದೆಗೆ ಕೈಯೆತ್ತುವೆನೆಂದು ಅವನು ಬಹಿರಂಗವಾಗಿಯೇ ಸಾರಿದ್ದ. ಅಂಗಡಿ ಮುಚ್ಚಿಸಲು ಅಂಗಡಿಯವನನ್ನೇ ದುಡ್ಡು ಕೇಳುವ ಭೂಪ ಎಂದು ಜನ ನಕ್ಕರು. ಲಸ್ಕಂ ನಗಲಿಲ್ಲ. ಅವನ ತಮ್ಮ ಜೇಬೆಜ್ ಮ್ಯಾಂಚೆಸ್ಟರಿನಲ್ಲಿ ಮಗ್ಗ ನಡೆಸುತ್ತಿದ್ದ.

ಮೇಜು ಹಾಕುವ ದಿನ ಬೆಳಿಗ್ಗೆ ಲಸ್ಕಂ ಉದ್ದನೆಯ ಗಳುವಿನಿಂದ ಹೊಗೆಗೂಡನ್ನು ತಿವಿದು ಕಾಗೆಗೂಡೊಂದನ್ನು ಕೆಡವಿ, ಮಸಿಯಲ್ಲಿ ಮಿಂದು, ಒಲೆ ಹಚ್ಚಿದ. ಹೊಗೆ ಕಂಡು ಟಾಮಸಿನ್ ಬೋಗುಣಿ ಹಿಡಿದು ಓಡಿಬಂದಳು.

“ಅಲ್ಲೇ ನಿಲ್ಲು. ಹೊಸ್ತಿಲು ದಾಟಬೇಡ ಮಗಳೇ.”

“ಉಪ್ಪಾದರೂ ನೋಡ್ತೀನಿ ಅಪ್ಪ. ನೀನು ಜನ್ಮದಲ್ಲಿ ಸೌಟು ಹಿಡಿದೋನಲ್ಲ.”

“ನೀನು ಚಿಟಿಕೆ ಉಪ್ಪು ಹಾಕಿದರೆ ಅದು ನಿನ್ನ ಸಾರಾಗುತ್ತೆ.”

ಅವಳು ಅಲ್ಲೇ ನಿಂತು ತಗ್ಗಿದ ದನಿಯಲ್ಲಿ, “ಈ ಮನೆ ಜಮೀನ್ದಾರರದ್ದು. ನಾಳೆ ಎಲ್ಲರೆದುರು ಕಪ್ತಾನನ ಹೆಸರು ಹೇಳಿದರೆ ಮನೆ ಬಿಡಿಸ್ತಾರೆ,” ಎಂದಳು.

“ಗೊತ್ತು ಕಣಮ್ಮ,” ಎಂದು ಅವನು ಬಾರ್ಲಿ ತಿರುವಿದ.

ಮಧ್ಯಾಹ್ನ ಬೀದಿಯುದ್ದಕ್ಕೂ ಪಾತ್ರೆಗಳು ಹೊಗೆಯಾಡಿದವು. ಲಸ್ಕಂನ ಮೇಜಿನ ಮುಂದೆ ಜಮೀನ್ದಾರನ ಪಾರುಪತ್ಯಗಾರ ಕ್ರಾಕರ್ ಬಂದು ನಿಂತ. ಮುದುಕನ ಒಲವು ಕಪ್ತಾನನ ಕಡೆಗೆಂಬ ಗುಮಾನಿ ಅವನಿಗಿತ್ತು. ಚಳಿಗಾಲವೆಲ್ಲ ಈ ಮುದುಕ ಅಳಿಯನ ಮನೆಯ ಅನ್ನ ಉಂಡವನು, ಇಂದಿನ ಸಾರೂ ಅಲ್ಲಿಂದಲೇ ಬಂದದ್ದು, ಇವನಿಗೆ ಮತವಿಲ್ಲ ಎಂದು ತಕರಾರು ಹೂಡಿದ. ಹೊಗೆ ಕಂಡೆವೆಂದು ನೆರೆಯವರು ಹೇಳಿದರೆ, ಹೊಗೆ ಒಂದು ಮನೆಯಲ್ಲಿ, ಅಡುಗೆ ಇನ್ನೊಂದರಲ್ಲಿ ಇರಬಾರದೇಕೆ ಎಂದು ವಾದಿಸಿದ.

ತೀರ್ಪು ಕೊಡಬೇಕಾದವನು ವೆಸ್ಟವೇ ಎಂಬ ಊರಿನ ಅಧ್ಯಕ್ಷ. ಜಮೀನ್ದಾರನ ಋಣದಲ್ಲಿದ್ದವನೇ ಆದರೂ ಊಟದ ವಿಷಯದಲ್ಲಿ ಸುಳ್ಳು ಹೇಳಲಾರದ ಮನುಷ್ಯ. ಅವನು ಚಮಚೆ ತೆಗೆದು ಪಾತ್ರೆಯಲ್ಲಿ ಅದ್ದಿದ. ತಳಹತ್ತಿದ ಬಾರ್ಲಿ, ಬೇಯದ ಟರ್ನಿಪ್ ಗಡ್ಡೆ, ಚರ್ಮದಂತಿದ್ದ ಹಂದಿಯ ಉಪ್ಪುಕಂಡ, ಎಲ್ಲದರ ಮೇಲೂ ಹೊಗೆಗೂಡಿನ ಮಸಿ. ನುಂಗಲಾಗದೆ, ಉಗುಳಲಾಗದೆ, ಅವನು ಬಹಳ ಹೊತ್ತು ಕಣ್ಣು ಮುಚ್ಚಿ ನಿಂತ.

“ಕ್ರಾಕರ್ ಸ್ವಾಮಿ, ಟಾಮಸಿನ್ ಕೈಯಡುಗೆ ನಾನು ಉಂಡಿದ್ದೀನಿ. ಇದು ಅವಳದ್ದು ಅಂದರೆ ದೇವರು ಮೆಚ್ಚೋದಿಲ್ಲ. ಇಂಥ ಸಾರು ಮಾಡೋಕೆ ಈ ಊರಲ್ಲಿ ಬೇರೆ ಯಾರಿಂದಲೂ ಆಗೋದಿಲ್ಲ.”

ಬೀದಿಗೆ ಬೀದಿಯೇ ನಕ್ಕಿತು. ಲಸ್ಕಂ ನಗದೆ, ಕುಳಿತು, ಆ ಸಾರನ್ನು ತಳದವರೆಗೂ ಉಂಡ.

ಮರುದಿನ ಮತ ಹೇಳುವ ಕಟ್ಟೆಯ ಮೇಲೆ, ಆಗಿನ ರೂಢಿಯಂತೆ ಎಲ್ಲರೂ ಕೇಳುವಂತೆ, ಅವನು ಎಂಡಕಾಟನ ಹೆಸರು ಹೇಳಿದ. ನಗು ನಿಂತಿತು. ತಿಂದ ಮನೆಗೇ ಬೆಂಕಿಯಿಡುತ್ತೀಯಲ್ಲೋ ಮುದುಕ ಎಂದು ಯಾರೋ ಕೂಗಿದರು. ಲಸ್ಕಂ ಕೋಲೂರಿ ತಿರುಗಿದ.

“ನನ್ನ ತಮ್ಮನ ಮನೆಯಲ್ಲೂ ಪಾತ್ರೆ ಕುದಿಯುತ್ತೆ ಕಣ್ರಪ್ಪ. ಅಲ್ಲಿ ಲಕ್ಷ ಜನರ ಪಾತ್ರೆ ಕುದಿಯುತ್ತೆ. ಯಾರೂ ಬಂದು ರುಚಿ ನೋಡೋದಿಲ್ಲ.”

ಕಪ್ತಾನ ಅಲ್ಲಿ ಸೋತ. ಆದರೆ ದೇಶದ ಉಳಿದ ಕಡೆ ಅವನ ಪಕ್ಷದವರು ಗೆದ್ದರು. ಶರತ್ಕಾಲಕ್ಕೆ ಜಮೀನ್ದಾರ ಲಸ್ಕಂನನ್ನು ಮನೆಯಿಂದ ಬಿಡಿಸಿದ. ಮರುವರ್ಷ ಆ ಮಸೂದೆ ಕಾನೂನಾಗಿ ಕಂಬ್‌ವರ್ದಿಯ ಎರಡು ಸ್ಥಾನಗಳೂ ಹೋದವು. ಮೇಜುಗಳು ಮತ್ತೆ ಬೀದಿಗಿಳಿಯಲಿಲ್ಲ.

ಆ ಬೇಸಿಗೆಯಲ್ಲಿ ಲಸ್ಕಂ ಮಗಳ ಮನೆಯ ಬಾಗಿಲಲ್ಲಿ ಕುಳಿತು, ಅವಳು ಬಡಿಸಿದ ಸಾರನ್ನು ನಿಶ್ಚಿಂತೆಯಿಂದ ಉಣ್ಣುತ್ತಿದ್ದ. ತನ್ನ ಹಳೆಯ ಪಾತ್ರೆಯನ್ನು ನನ್ನ ಮುಂದಿಟ್ಟು, ತೂತು ಮುಚ್ಚಿ ಜೇಬೆಜನಿಗೆ ತಲುಪಿಸೆಂದ. ಹೊಸ ಕಾನೂನು ಹೆಚ್ಚಿನ ಬಾಡಿಗೆಯ ಮನೆಯವರಿಗಷ್ಟೇ ಮತ ಕೊಟ್ಟಿದೆ, ನಿನ್ನ ತಮ್ಮನಿಗೆ ಇನ್ನೂ ಇಲ್ಲವೆಂದು ನಾನು ತಿಳಿಸಿದೆ.

“ಮತ ಅವನ ಊರಿಗೆ ಬಂದಾಯ್ತಲ್ಲ,” ಎಂದ ಅವನು. “ಇನ್ನು ಮನೆಗೆ ಬರಬೇಕು ಅಷ್ಟೆ. ಆ ಸೀದ ಕಲೆ ಮಾತ್ರ ಉಜ್ಜಬೇಡ.”

ನಾನು ಉಜ್ಜಲಿಲ್ಲ. ಬೆಸುಗೆ ಆರಿದ ಮೇಲೆ ಸುತ್ತಿಗೆ, ಇಕ್ಕಳಗಳನ್ನು ಚೀಲಕ್ಕೆ ಸೇರಿಸಿ, ಪಾತ್ರೆಯನ್ನು ಬೆನ್ನಿಗೆ ಬಿಗಿದುಕೊಂಡು, ಉತ್ತರದ ದಾರಿ ಹಿಡಿದೆ.