ಟೋಪಿ ತೆಗೆದದ್ದು ಯಾಕೆ

ಶುಕ್ರವಾರ ಮಧ್ಯಾಹ್ನದ ಊಟ ಮುಗಿದ ಮೇಲೆ ಮೆಸ್ಸಿನಲ್ಲಿ ಇಂಗ್ಲಿಷ್ ಸಿನಿಮಾ ಹಾಕುವುದು, ಸೈಮನ್ ಅದನ್ನು ಕನ್ನಡದಲ್ಲಿ ಹೇಳುವುದು ಕೊಲ್ಲಿ ದೇಶವೊಂದರ ಇಂಡಸ್ಟ್ರಿಯಲ್ ಏರಿಯಾದ ಆ ಕ್ಯಾಂಪಿನ ಪದ್ಧತಿಯಾಗಿತ್ತು. ಟೀವಿ ಪಕ್ಕ ಕುರ್ಚಿ ಎಳೆದುಕೊಂಡು, ರಿಮೋಟ್ ಹಿಡಿದು, ಎರಡು ಮಾತಿಗೊಮ್ಮೆ ಚಿತ್ರ ನಿಲ್ಲಿಸಿ ಅರ್ಥ ಹೇಳಿ ಮತ್ತೆ ಬಿಡುತ್ತಿದ್ದ. ಉಡುಪಿ ಕಡೆಯ ಕ್ಲರ್ಕು. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕಲಿತ ಕನ್ನಡ. ಬಾಗಲಕೋಟೆ, ಬಿಜಾಪುರದ ವೆಲ್ಡರುಗಳಿಗೆ ಅವನ ಪುಸ್ತಕದಂಥ ಕನ್ನಡವೇ ಅರ್ಧ ಮನರಂಜನೆ.

ಆದರೆ ತೊಂಬತ್ತನಾಲ್ಕರ ಚಳಿಗಾಲದ ಆ ಶುಕ್ರವಾರ ಅವನಿಗೆ ಸಿನಿಮಾದ ಮೇಲೆ ಗಮನವಿರಲಿಲ್ಲ. ಊಟಕ್ಕೆ ಮುಂಚೆ ಆಫೀಸಿಗೆ ಮ್ಯಾನೇಜರ್ ಫೋನು ಮಾಡಿದ್ದ. ಸಮುದ್ರದ ನಡುವಿನ ಎಣ್ಣೆ ಬಾವಿಯಿಂದ ಜನರನ್ನು ತರುತ್ತಿದ್ದ ಹೆಲಿಕಾಪ್ಟರ್ ನೀರಿಗೆ ಬಿದ್ದಿತ್ತು. ಒಬ್ಬ ಸತ್ತಿದ್ದ, ಉಳಿದವರನ್ನು ಎತ್ತುತ್ತಿದ್ದರು. ಸತ್ತವನು ಯಾರೆಂದು ಗೊತ್ತಾಗುವ ತನಕ ಕ್ಯಾಂಪಿನಲ್ಲಿ ಬಾಯಿ ಬಿಡಬೇಡ ಎಂದಿದ್ದ.

ಹೆಲಿಕಾಪ್ಟರಿನಲ್ಲಿದ್ದ ಈ ಕ್ಯಾಂಪಿನವನು ಪ್ರಭುಲಿಂಗ ಒಬ್ಬನೇ. ಅವನ ತಮ್ಮ ಬಸವಲಿಂಗ ಮುಂದಿನ ಸಾಲಿನಲ್ಲೇ ಕೂತಿದ್ದ. ಪಕ್ಕದಲ್ಲಿ ಅಣ್ಣನ ಪಾಲಿನ ರೊಟ್ಟಿ, ಮೇಲೊಂದು ತಟ್ಟೆ ಮುಚ್ಚಿತ್ತು. ಮಧ್ಯಾಹ್ನಕ್ಕೇ ಬರಬೇಕಾದವನು ಬಂದಿರಲಿಲ್ಲ.

ಇಷ್ಟು ಸಾಲದೆಂಬಂತೆ ಕ್ಯಾಸೆಟ್ಟೂ ಕೈಕೊಟ್ಟಿತು. ಅಂಗಡಿಯವನು ಸೈಮನ್‌ಗೆ ಯಾವಾಗಲೂ ಕಪ್ಪುಬಿಳುಪಿನದೇ ಕೊಡುತ್ತಿದ್ದ. ಅವುಗಳಲ್ಲಿ ಮುತ್ತಿಡುವ ದೃಶ್ಯ ಕಡಿಮೆ, ಹಾಗಾಗಿ ಅಲ್ಲಿನ ಸೆನ್ಸಾರಿನ ಕತ್ತರಿ ಬೀಳದೆ ಕಥೆ ಇಡಿಯಾಗಿ ಉಳಿದಿರುತ್ತದೆ. ಇದಂತೂ ಸಿನಿಮಾಕ್ಕೆ ಮಾತು ಬಂದ ಹೊಸತರದ್ದು. ಮೈಕನ್ನು ಹೂಕುಂಡದಲ್ಲಿ ಬಚ್ಚಿಟ್ಟಿದ್ದರೇನೋ, ನಟರೆಲ್ಲ ಅದರ ಕಡೆ ಬಾಗಿ ಮಾತಾಡುತ್ತಿದ್ದರು. ಏನು ಕಥೆ ಎಂದು ಸೈಮನ್ ಕೇಳಿರಲಿಲ್ಲ. ಸ್ವಲ್ಪ ಹೊತ್ತಿಗೆ ಪರದೆಯ ಮೇಲೆ ಒಂದು ವಿಮಾನ ಹಿಮದ ಬೆಟ್ಟಕ್ಕೆ ಬಡಿದು ಬಿತ್ತು.

ಸೈಮನ್‌ನ ಬೆರಳು ರಿಮೋಟಿನ ಗುಂಡಿಗೆ ಹೋಯಿತು. ನಿಲ್ಲಿಸೋಣವೆಂದರೆ ಯಾಕೆ ಎಂದು ಕೇಳುತ್ತಾರೆ. ಬಸವಲಿಂಗ ಕೇಳಿದರೆ ಅವನ ಮುಖ ನೋಡಿ ಸುಳ್ಳು ಹೇಳುವ ಧೈರ್ಯ ಇರಲಿಲ್ಲ. ನಿಜ ಹೇಳುವ ಧೈರ್ಯವಂತೂ ಮೊದಲೇ ಇರಲಿಲ್ಲ. ಬಡಪಾಯಿ ಸಿನಿಮಾದ ಮೊರೆ ಹೋದ.

ಪರದೆಯ ಮೇಲೆ ಪೈಲಟ್, ನಮ್ಮನ್ನು ಇಲ್ಲಿ ಯಾರೂ ಹುಡುಕಲಾರರು ಎಂದ. ಸೈಮನ್ ಚಿತ್ರ ನಿಲ್ಲಿಸಿದ. "ಸಂಜೆಯೊಳಗೆ ಸಹಾಯ ಬರ್ತದೆ, ಹೆದರಬೇಡಿ ಅಂತ ಹೇಳ್ತಾನೆ."

ಗಾಯಗೊಂಡ ಮುದುಕ, ನನ್ನ ಕೋಟು ಆ ಹೆಂಗಸಿಗೆ ಕೊಡಿ, ನನಗಿನ್ನು ಬೇಡ ಎಂದ. "ಅವನಿಗೆ ಸೆಕೆ ಆಗ್ತದಂತೆ," ಎಂದ ಸೈಮನ್.

"ಹಿಮದಾಗ ಸೆಕಿ ಏನ್ರಿ ಸರ?" ಎಂದು ಹಿಂದಿನಿಂದ ಹಾಲಸಿದ್ದಪ್ಪ ಕಾಲೆಳೆದ. ಈ ಹಿರಿಯ ಫೋರ್‌ಮನ್ ನಗಿಸಿದರೆ ಇಡೀ ಮೆಸ್ಸು ನಗುತ್ತಿತ್ತು. ನಗದವನು ಬಸವಲಿಂಗ ಒಬ್ಬನೇ. ಅವನು ಟೀವಿಯನ್ನು ಬಿಟ್ಟು ಸೈಮನ್‌ನ ಮುಖವನ್ನೇ ನೋಡುತ್ತಿದ್ದ.

ಬದುಕಿದವರು ಕಲ್ಲು ಹೊತ್ತು ತಂದು ಒಂದು ಕಡೆ ಪೇರಿಸಿದರು. ಸುತ್ತ ನಿಂತು ಒಬ್ಬೊಬ್ಬರಾಗಿ ಟೋಪಿ ತೆಗೆದರು. ಸೈಮನ್ ಚಿತ್ರ ನಿಲ್ಲಿಸಿದ.

"ಬಿಸಿಲು ಬಂತು. ಎಲ್ಲರೂ ಖುಷಿಯಲ್ಲಿ ಟೋಪಿ ತೆಗೆದರು."

"ಎಲ್ಲಾರೂ ಅದಾರೇನ್ರಿ?" ಬಸವಲಿಂಗನ ದನಿ ಮೆಲ್ಲಗಿತ್ತು.

"ಎಲ್ಲರೂ ಇದ್ದಾರೆ."

"ಆ ಮುದುಕ ಕಾಣವಲ್ಲ."

ಆಗ ಆಫೀಸಿನಲ್ಲಿ ಫೋನು ಬಡಿದುಕೊಂಡಿತು. ಸೈಮನ್ ರಿಮೋಟನ್ನು ಕುರ್ಚಿಯ ಮೇಲೆ ಬಿಟ್ಟು ಓಡಿದ. ನಿಲ್ಲಿಸಿದ ಕ್ಯಾಸೆಟ್ಟಿನ ಚಿತ್ರ ಅದುರಿ, ಬರಿತಲೆಯ ಗಂಡಸರು ಗಡಗಡ ನಡುಗುತ್ತ ಹಾಗೇ ನಿಂತಿದ್ದರು.

ಸೈಮನ್ ಮರಳಿದಾಗ ಅವನ ಕಣ್ಣು ಒದ್ದೆಯಾಗಿತ್ತು. ನಿಜವಾಗಿ ಅದು ಸಂತೋಷಕ್ಕೆ. ಸತ್ತವನು ಬೇರೆ ಕ್ಯಾಂಪಿನವನು. ಅಲ್ಲಿಯೂ ಯಾರಾದರೂ ತಟ್ಟೆ ಮುಚ್ಚಿಟ್ಟು ಕಾಯುತ್ತಿರಬಹುದು ಎಂದು ಹೊಳೆದು, ಸಂತೋಷಪಟ್ಟದ್ದಕ್ಕೆ ನಾಚಿಕೆಯೂ ಆಗಿತ್ತು.

"ಬಸವಲಿಂಗ, ಹೊರಗೆ ಬಾ ಮಾರಾಯ."

"ಇಲ್ಲೇ ಹೇಳ್ರಿ."

"ಹೆಲಿಕಾಪ್ಟರ್ ಕಡಲಿಗೆ ಬಿದ್ದದೆ. ನಿನ್ನ ಅಣ್ಣ ಬದುಕಿದ್ದಾನೆ. ಭುಜದ ಎಲುಬು ಮುರಿದದೆ, ಬೇರೆ ಏನೂ ಇಲ್ಲ. ಆಸ್ಪತ್ರೆಯಲ್ಲಿದ್ದಾನೆ. ಯಲ್ಲಾ, ನಡಿ, ಗಾಡಿ ಉಂಟು, ಹೋಗುವ."

ಬಸವಲಿಂಗ ಏಳಲಿಲ್ಲ. ಸೈಮನ್‌ನ ಒದ್ದೆ ಕಣ್ಣು ನೋಡಿದ, ಆಮೇಲೆ ಟೀವಿ ನೋಡಿದ.

"ಬರೇ ಭುಜ ಏನ್ರಿ?"

"ಬರೇ ಭುಜ."

"ಆ ಮುದುಕಗ ಸೆಕಿ ಆದಂಗ?"

ಸೈಮನ್‌ಗೆ ಕೆನ್ನೆಗೆ ಬಾರಿಸಿದಂತಾಯಿತು. ಕತ್ತಿನ ಶಿಲುಬೆ ಹಿಡಿದು, "ಯೇಸುವಿನಾಣೆ," ಎಂದ.

"ಆಣಿ ಬ್ಯಾಡ್ರಿ ಸರ. ನನ್ನನ್ನ ಹೆಣದ ಮುಂದ ನಿಲ್ಲಸಾಕ ಕರಕೊಂಡ ಹೊಂಟಿದ್ರ ಈಗ್ಲೇ ಹೇಳಿಬಿಡ್ರಿ. ದಾರ್ಯಾಗ ಭುಜ, ಎಲುವು ಅನ್ನಬ್ಯಾಡ್ರಿ." ಅವನು ಟೀವಿಯತ್ತ ಕೈ ತೋರಿಸಿದ. "ಮೊದಲ ಅವರು ಟೊಪಗಿ ಯಾಕ ತೆಗದ್ರು ಹೇಳ್ರಿ. ಖರೇನ ಹೇಳ್ರಿ."

ಇಡೀ ಮೆಸ್ಸು ಕಿವಿಗೊಟ್ಟು ಕೂತಿತ್ತು. ಸೈಮನ್ ರಿಮೋಟ್ ಎತ್ತಿ ಕುರ್ಚಿಯ ಮೇಲೆ ಕುಸಿದ.

"ಮುದುಕ ಸತ್ತ," ಎಂದ. "ಆ ಕಲ್ಲಿನ ಕೆಳಗೆ ಇರುವುದು ಅವನೇ. ಅದಕ್ಕೇ ಟೋಪಿ ತೆಗೆದರು. ಬಿಸಿಲು ಬರಲಿಲ್ಲ. ಸೆಕೆಯೂ ಇಲ್ಲ. ತಾನು ಉಳಿಯುವುದಿಲ್ಲ ಅಂತ ಗೊತ್ತಾಗಿ ಕೋಟು ಕೊಟ್ಟದ್ದು."

"ಪೈಲಟ್ ಏನಂದಿದ್ದ?"

"ನಮ್ಮನ್ನು ಯಾರೂ ಹುಡುಕಲಾರರು ಅಂದಿದ್ದ. ಸಹಾಯ ಬರ್ತದೆ ಅಂತ ಹೇಳಿದ್ದು ನಾನು. ಊಟಕ್ಕೆ ಮೊದಲೇ ಫೋನು ಬಂದಿತ್ತು ಬಸವಲಿಂಗ. ಒಬ್ಬ ಸತ್ತಿದ್ದಾನೆ ಅಂದರು. ಯಾರು ಅಂತ ಹೇಳಿರಲಿಲ್ಲ. ನನಗೆ ನಿನ್ನ ಹತ್ತಿರ ಹೇಳಲಿಕ್ಕೆ ಆಗಲಿಲ್ಲ."

ಬಸವಲಿಂಗ ಮುಂದಕ್ಕೆ ಬಾಗಿದ.

"ಹೂಂ. ಈಗ ನಮ್ಮಣ್ಣಂದು ಹೇಳ್ರಿ."

"ಭುಜ ಮುರಿದದೆ. ಬದುಕಿದ್ದಾನೆ. ನೀನು ಎಲ್ಲಿ ಅಂತ ಕೇಳಿದನಂತೆ."

ಬಸವಲಿಂಗ ಮುಂಗೈಯಿಂದ ಕಣ್ಣೊರೆಸಿಕೊಂಡು ಎದ್ದ. ಎರಡು ಹೆಜ್ಜೆ ಹೋದವನು ತಿರುಗಿ ಬಂದು, ಮುಚ್ಚಿಟ್ಟ ರೊಟ್ಟಿಯ ತಟ್ಟೆಯನ್ನು ಎತ್ತಿಕೊಂಡು ಗಾಡಿಯ ಕಡೆ ನಡೆದ.